ಖರ್ಜೂರದ ಅಂಟು, ಪುಡಿಯ ಪ್ರೋಟೀನ್

ಹೋಲ್‌ಫುಡ್ ಪ್ರೋಟೀನ್ ಬಾರ್ ಎಂದರೆ ಖರ್ಜೂರ, ಬಾದಾಮಿ, ಗೋಡಂಬಿ, ಶೇಂಗಾದಂಥ ಪರಿಚಿತ ಪದಾರ್ಥಗಳನ್ನು ಅರೆದು, ಒತ್ತಿ, ಉದ್ದಕ್ಕೆ ಕತ್ತರಿಸಿದ ಸುಮಾರು 50 ಗ್ರಾಂ ತೂಕದ ತಿನಿಸು. ಸೋಯಾ ಐಸೊಲೇಟ್, ಮಾಲ್ಟಿಟಾಲ್, ಗ್ಲಿಸರಿನ್, ತಾಳೆಬೀಜದ ಎಣ್ಣೆ ಸೇರಿಸಿ ಮಾಡುವ ಪ್ರೋಟೀನ್ ಬಾರ್‌ಗಳನ್ನು ಒಲ್ಲದವರಿಗಾಗಿ ಅಮೆರಿಕದಲ್ಲಿ ಈ ಬಗೆ ಬೆಳೆಯಿತು. ಡೆನ್ವರ್‌ನಲ್ಲಿ ಶುರುವಾಗಿ 2003ರಲ್ಲಿ ಮಾರುಕಟ್ಟೆಗೆ ಬಂದ ಲಾರಾಬಾರ್ ಬರೀ ಹಣ್ಣು ಮತ್ತು ಬೀಜಗಳ ಬಾರ್. 2008ರಲ್ಲಿ ಅದನ್ನು ಜನರಲ್ ಮಿಲ್ಸ್ ಕೊಂಡಿತು. ಲಾರಾಬಾರ್ ಬಂದ ಹತ್ತು ವರ್ಷದ ನಂತರ, 2013ರಲ್ಲಿ, ಶಿಕಾಗೊದ ಪೀಟರ್ ರಹಾಲ್ ಮತ್ತು ಜಾರೆಡ್ ಸ್ಮಿತ್ ಅದೇ ಖರ್ಜೂರ–ಬೀಜದ ಮಿಶ್ರಣಕ್ಕೆ ಮೊಟ್ಟೆಯ ಬಿಳಿಭಾಗ ಸೇರಿಸಿ ಆರ್‌ಎಕ್ಸ್‌ಬಾರ್ ಮಾಡಿದರು. ಮೂರು ಮೊಟ್ಟೆಯ ಬಿಳಿ, ಆರು ಬಾದಾಮಿ, ನಾಲ್ಕು ಗೋಡಂಬಿ, ಎರಡು ಖರ್ಜೂರ ಎಂದು ಹೊದಿಕೆಯ ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಯಿತು. 2017ರಲ್ಲಿ ಕೆಲ್ಲಾಗ್ ಕಂಪನಿ ಅದಕ್ಕೆ 60 ಕೋಟಿ ಡಾಲರ್ ಕೊಟ್ಟಿತು.

ಬೀಜ ಮತ್ತು ಖರ್ಜೂರದಿಂದಷ್ಟೇ ಬರುವ ಪ್ರೋಟೀನ್ ಎಷ್ಟು ಎಂಬುದನ್ನು ಲೆಕ್ಕ ಹಾಕಿದರೆ ಈ ಬಾರ್‌ಗಳ ಮುಖ್ಯ ತೊಡಕು ತಿಳಿಯುತ್ತದೆ. 25 ಗ್ರಾಂ ಖರ್ಜೂರ, 25 ಗ್ರಾಂ ಬಾದಾಮಿ ಅರೆದು ಒಂದು ಬಾರ್ ಮಾಡಿದೆವು ಎಂದುಕೊಳ್ಳೋಣ. ಖರ್ಜೂರದಿಂದ ಸಿಗುವ ಪ್ರೋಟೀನ್ ಅರ್ಧ ಗ್ರಾಂ, ಸಕ್ಕರೆ 16 ಗ್ರಾಂ, ಶಕ್ತಿ 70 ಕ್ಯಾಲರಿ. ಬಾದಾಮಿಯಿಂದ ಐದು ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್, 12 ಗ್ರಾಂ ಕೊಬ್ಬು, 145 ಕ್ಯಾಲರಿ. ಒಟ್ಟಿಗೆ ಸುಮಾರು 215 ಕ್ಯಾಲರಿಗೆ ಆರು ಗ್ರಾಂ ಪ್ರೋಟೀನ್. ಶಕ್ತಿಯ ಲೆಕ್ಕದಲ್ಲಿ ಪ್ರೋಟೀನಿನ ಪಾಲು ನೂರಕ್ಕೆ ಹನ್ನೊಂದು ಮಾತ್ರ. ಚಪಾತಿ ಮಾಡುವ ಗೋಧಿಹಿಟ್ಟಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಖರ್ಜೂರವನ್ನು ಪೂರ್ತಿ ಬಿಟ್ಟು ಬಾದಾಮಿಯಿಂದಲೇ 12 ಗ್ರಾಂ ಪ್ರೋಟೀನ್ ಪಡೆಯಬೇಕೆಂದರೆ 57 ಗ್ರಾಂ ಬಾದಾಮಿ ಬೇಕು. ಅದರಲ್ಲಿ 330 ಕ್ಯಾಲರಿ ಇರುತ್ತದೆ, ಅಂಟಿಸಲು ಏನೂ ಇರುವುದಿಲ್ಲ. ಹಣ್ಣು–ಬೀಜದ ಬಾರ್ ಒಳ್ಳೆಯ ತಿನಿಸು ಹೌದು. ಅದನ್ನು ಪ್ರೋಟೀನ್ ಬಾರ್ ಎಂದು ಕರೆಯಲು ಈ ಅಂಕಿಗಳು ಬಿಡುವುದಿಲ್ಲ.

ಈ ಕೊರತೆ ತುಂಬುವುದು ಪುಡಿ. ಆರ್‌ಎಕ್ಸ್‌ಬಾರ್‌ನ 52 ಗ್ರಾಂನಲ್ಲಿ 12 ಗ್ರಾಂ ಪ್ರೋಟೀನ್, 210 ಕ್ಯಾಲರಿ ಆಸುಪಾಸು ಇದೆ. ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂನಷ್ಟು ಪ್ರೋಟೀನ್ ಇರುವುದರಿಂದ ಈ ಹನ್ನೆರಡರಲ್ಲಿ ಸಿಂಹಪಾಲು ಒಣಗಿಸಿದ ಬಿಳಿಭಾಗದ್ದೇ. ಗುಣಮಟ್ಟದಲ್ಲಿ ಅದಕ್ಕೆ ಎದುರಿಲ್ಲ. ಅಮೈನೋ ಆಮ್ಲಗಳ ಸಮತೋಲ ಮತ್ತು ಜೀರ್ಣವಾಗುವ ಪ್ರಮಾಣವನ್ನು ಒಟ್ಟಿಗೆ ಅಳೆಯುವ ಪಿಡಿಸಿಎಎಎಸ್ ಮಾನದಲ್ಲಿ ಮೊಟ್ಟೆಯ ಬಿಳಿಗೂ ಹಾಲಿನ ವೇ ಪ್ರೋಟೀನಿಗೂ ಪೂರ್ಣಾಂಕ 1 ಸಿಗುತ್ತದೆ. ಶೇಂಗಾ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆಲವು ಬಾರ್‌ಗಳಿಗೆ ಹಾಕುವ ಕೊಲಾಜೆನ್‌ನಲ್ಲಿ ಟ್ರಿಪ್ಟೊಫಾನ್ ಇಲ್ಲವೇ ಇಲ್ಲದ ಕಾರಣ ಅದಕ್ಕೆ ಸಿಗುವುದು ಸೊನ್ನೆ. ಹೊದಿಕೆಯ ಮೇಲೆ ಹತ್ತು ಗ್ರಾಂ ಎಂದಿದ್ದರೂ ಅದು ಮೊಟ್ಟೆಯದೋ ಕೊಲಾಜೆನ್‌ನದೋ ಎಂಬುದರ ಮೇಲೆ ದೇಹಕ್ಕೆ ದಕ್ಕುವ ಪ್ರಯೋಜನ ಬೇರೆಯಾಗುತ್ತದೆ.

ಆದರೆ ಬಿಳಿಭಾಗ ಇಡೀ ಮೊಟ್ಟೆಯಲ್ಲ. ಕೋಲಿನ್, ಎ ಮತ್ತು ಡಿ ಜೀವಸತ್ವ, ಬಿ12ರ ಬಹುಪಾಲು, ಕಣ್ಣಿಗೆ ಬೇಕಾದ ಲ್ಯೂಟಿನ್, ಕಬ್ಬಿಣ ಎಲ್ಲವೂ ಹಳದಿ ಭಾಗದಲ್ಲಿದ್ದು, ಅದನ್ನು ಬೇರೆ ಮಾಡಿದ ಮೇಲೆ ಉಳಿಯುವುದು ಪ್ರೋಟೀನ್ ಮತ್ತು ನೀರು; ನೀರೂ ಆರಿದ ಮೇಲೆ ಪುಡಿ. ಭಾರತದ ಬಾರ್‌ಗಳಲ್ಲಿ ಈ ಜಾಗಕ್ಕೆ ಸಾಮಾನ್ಯವಾಗಿ ಬರುವುದು ವೇ, ಅಂದರೆ ಚೀಸ್ ಮಾಡುವಾಗ ಉಳಿಯುವ ಹಾಲೊಡಕನ್ನು ಸೋಸಿ ಒಣಗಿಸಿದ ಪುಡಿ. ಮೊಟ್ಟೆ ಸೇರಿದ ತಿನಿಸಿಗೆ ಇಲ್ಲಿ ಮಾಂಸಾಹಾರದ ಗುರುತು ಹಾಕಲೇಬೇಕು, ವೇ ಹಾಕಿದರೆ ಹಸಿರು ಚುಕ್ಕೆ ಉಳಿಯುತ್ತದೆ. ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು ರೂಪಿಸಿದ ನೋವಾ ವರ್ಗೀಕರಣದಲ್ಲಿ ವೇ, ಕೇಸೀನ್, ಸೋಯಾ ಐಸೊಲೇಟ್‌ನಂಥ ಬೇರ್ಪಡಿಸಿದ ಪ್ರೋಟೀನ್‌ಗಳು ಅತಿಸಂಸ್ಕರಿತ ಆಹಾರದ ಲಕ್ಷಣಗಳಲ್ಲಿ ಸೇರಿವೆ. ಆ ಪ್ರಕಾರ ಖರ್ಜೂರ, ಬಾದಾಮಿ, ವೇ ಮೂರೇ ಇರುವ ಬಾರ್ ಕೂಡ ಅತಿಸಂಸ್ಕರಿತ ಗುಂಪಿಗೇ ಹೋಗುತ್ತದೆ. ಆ ಮಾತ್ರಕ್ಕೆ ವೇ ಕೆಟ್ಟದ್ದೆಂದಲ್ಲ. ಸ್ನಾಯು ಕಟ್ಟುವ ಲ್ಯೂಸಿನ್ ಅದರಲ್ಲಿ ಹೇರಳ, ಬೇಗ ಜೀರ್ಣವೂ ಆಗುತ್ತದೆ. ಆದರೆ ಇಡೀ ಪದಾರ್ಥ ಮತ್ತು ಹೆಚ್ಚು ಪ್ರೋಟೀನ್ ಎಂಬ ಎರಡು ಗುಣಗಳು ಒಂದೇ ಬಾರ್‌ನಲ್ಲಿ ಪೂರ್ತಿಯಾಗಿ ಕೂಡಿ ಬರುವುದಿಲ್ಲ. ಒಂದು ಏರಿದಷ್ಟೂ ಇನ್ನೊಂದು ಇಳಿಯುತ್ತದೆ. ಅದೇ ಪೀಟರ್ ರಹಾಲ್ 2024ರಲ್ಲಿ ಡೇವಿಡ್ ಎಂಬ ಹೊಸ ಬಾರ್ ತಂದಾಗ ಖರ್ಜೂರವನ್ನೂ ಇಡೀ ಬೀಜಗಳನ್ನೂ ನೆಚ್ಚದೆ, ಬೇರ್ಪಡಿಸಿದ ಪ್ರೋಟೀನ್‌ಗಳು, ಸಿಹಿಕಾರಕಗಳು ಮತ್ತು ದೇಹ ಹೀರಿಕೊಳ್ಳದಂತೆ ಮಾರ್ಪಡಿಸಿದ ಕೊಬ್ಬಿನಿಂದ 150 ಕ್ಯಾಲರಿಗೆ 28 ಗ್ರಾಂ ಪ್ರೋಟೀನ್ ತುಂಬಿಸಿದರು. ಪ್ರೋಟೀನೇ ಗುರಿಯಾದಾಗ ದಾರಿ ಎತ್ತ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇಡೀ ಪದಾರ್ಥದ ಹಿರಿಮೆ ಅದರಲ್ಲಿರುವ ಪೋಷಕಾಂಶಗಳ ಪಟ್ಟಿಯಲ್ಲಿ ಮಾತ್ರ ಇಲ್ಲ, ಅದರ ಕಟ್ಟಣೆಯಲ್ಲೂ ಇದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 28 ಗ್ರಾಂ ಇಡೀ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು 129 ಕ್ಯಾಲರಿ. ರೂಢಿಯ ಲೆಕ್ಕದ ಪ್ರಕಾರ ಅದು 170ರ ಆಸುಪಾಸು ಇರಬೇಕಿತ್ತು. ಎಷ್ಟೇ ಅಗಿದರೂ ಬಾದಾಮಿಯ ಎಷ್ಟೋ ಜೀವಕೋಶಗಳ ಗೋಡೆ ಒಡೆಯುವುದಿಲ್ಲ, ಒಳಗಿನ ಕೊಬ್ಬು ಹಾಗೆಯೇ ಹೊರಗೆ ಹೋಗುತ್ತದೆ. 2016ರಲ್ಲಿ ಅದೇ ವಿಜ್ಞಾನಿಗಳು ಇಡೀ ಬಾದಾಮಿ, ಹುರಿದದ್ದು, ಚೂರು ಮಾಡಿದ್ದು, ಬೆಣ್ಣೆಯಂತೆ ಅರೆದದ್ದು ಹೀಗೆ ಬೇರೆ ಬೇರೆ ರೂಪಗಳನ್ನು ಹೋಲಿಸಿದರು. ಅರೆದ ಬಾದಾಮಿಯಲ್ಲಿ ಈ ಲಾಭ ಮಾಯವಾಗಿತ್ತು. ಬಾರ್ ತಯಾರಿಕೆಯಲ್ಲಿ ಬೀಜಗಳನ್ನು ಅರೆಯುವುದೇ ಹೆಚ್ಚು. ವಿಟಮಿನ್ ಇ, ಮೆಗ್ನೀಸಿಯಮ್, ಒಳ್ಳೆಯ ಕೊಬ್ಬು ಅರೆದರೂ ಉಳಿಯುತ್ತವೆ. ನಿಧಾನವಾಗಿ ಅಗಿಯಬೇಕಾದ ಗಟ್ಟಿತನ, ಅದರಿಂದ ಬರುವ ತೃಪ್ತಿ ಉಳಿಯುವುದಿಲ್ಲ. ಆದ್ದರಿಂದ ಕಚ್ಚಿದಾಗ ಬೀಜದ ಚೂರುಗಳು ಹಲ್ಲಿಗೆ ಸಿಗುವ ಬಾರ್, ನುಣ್ಣಗೆ ಅರೆದ ಬಾರ್‌ಗಿಂತ ಮೇಲು.

ಬೀಜಗಳಿಂದ ಹೃದಯಕ್ಕೆ ಒಳಿತೆಂಬ ಮಾತಿಗೆ ಆಧಾರ ಗಟ್ಟಿಯಿದೆ. ಸ್ಪೇನಿನ ಪ್ರೆಡಿಮೆಡ್ ಅಧ್ಯಯನದ ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ ಜೊತೆ ದಿನಕ್ಕೆ 30 ಗ್ರಾಂ ವಾಲ್‌ನಟ್, ಬಾದಾಮಿ, ಹೇಜಲ್‌ನಟ್ ಕೊಡಲಾಗಿತ್ತು. ಆರ್‌ಎಕ್ಸ್‌ಬಾರ್‌ನ ಆರು ಬಾದಾಮಿ, ನಾಲ್ಕು ಗೋಡಂಬಿಯ ತೂಕ ಸುಮಾರು 13 ಗ್ರಾಂ; ಆ ಪ್ರಮಾಣದ ಅರ್ಧಕ್ಕೂ ಕಡಿಮೆ.

ಸಕ್ಕರೆಯ ವಿಚಾರ ಇನ್ನೂ ಆಳವಾದದ್ದು. ಹೋಲ್‌ಫುಡ್ ಬಾರ್‌ಗಳಲ್ಲಿ ಸಾಮಾನ್ಯವಾಗಿ 13ರಿಂದ 17 ಗ್ರಾಂ ಸಕ್ಕರೆ ಇರುತ್ತದೆ, ಹೆಚ್ಚಿನದು ಖರ್ಜೂರದ್ದೇ. ಅಮೆರಿಕದ ಎಫ್‌ಡಿಎ ನಿಯಮದಂತೆ ಹಣ್ಣಿನ ಎಲ್ಲ ಅಂಶ ಉಳಿಸಿಕೊಂಡ ಖರ್ಜೂರದ ಪೇಸ್ಟಿನ ಸಕ್ಕರೆ ಸೇರಿಸಿದ ಸಕ್ಕರೆಯಲ್ಲ. ಹೊದಿಕೆಯ ಮೇಲೆ ಆ ಸಾಲಿನಲ್ಲಿ ಸೊನ್ನೆ ಬರೆಯಬಹುದು. ಅದೇ ಬಾರ್ ಬ್ರಿಟನ್ನಿಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಮಿತಿಯಲ್ಲಿಡಬೇಕಾದ ಸಕ್ಕರೆ ಯಾವುದೆಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ 2018ರಲ್ಲಿ ಒಪ್ಪಿದ ವ್ಯಾಖ್ಯೆಯಂತೆ ಇಡೀ ಒಣಹಣ್ಣಿನ ಸಕ್ಕರೆಗೆ ವಿನಾಯಿತಿ ಇದೆ, ಹಣ್ಣಿನ ಪೇಸ್ಟಿಗೆ ಇಲ್ಲ. ಅರೆದಾಗ ಜೀವಕೋಶದ ಗೋಡೆ ಒಡೆದು ಸಕ್ಕರೆ ಬಿಡುಗಡೆಯಾಗುತ್ತದೆ ಎಂಬುದು ಅದರ ತರ್ಕ. ಅಂಥ ಸಕ್ಕರೆಗೆ ದೊಡ್ಡವರಿಗೆ ಅಲ್ಲಿ ದಿನದ ಮಿತಿ 30 ಗ್ರಾಂ. ಒಂದೇ ಬಾರ್ ಅದರ ಅರ್ಧವನ್ನು ಮುಗಿಸುತ್ತದೆ. ಆಹಾರ ಮಾನದಂಡಗಳ ಅಂತರರಾಷ್ಟ್ರೀಯ ಸಂಹಿತೆಯಾದ ಕೋಡೆಕ್ಸ್ ಕೂಡ ಸಕ್ಕರೆಯ ಬದಲಿಗೆ ಒಣಹಣ್ಣಿನ ಪೇಸ್ಟ್ ಬಳಸಿದ ತಿನಿಸಿಗೆ ‘ಸಕ್ಕರೆ ಸೇರಿಸಿಲ್ಲ’ ಎಂಬ ಹೇಳಿಕೆಯನ್ನು ಒಪ್ಪುವುದಿಲ್ಲ. ಬಾದಾಮಿಯ ಪ್ರಯೋಗಗಳನ್ನು ನೋಡಿದ ಮೇಲೆ ಬ್ರಿಟನ್ನಿನ ಮತ್ತು ಕೋಡೆಕ್ಸಿನ ನಿಲುವೇ ಸರಿ ಎನಿಸುತ್ತದೆ. ಹಾಗೆಂದು ಖರ್ಜೂರವನ್ನು ಗ್ಲೂಕೋಸ್ ಸಿರಪ್ಪಿನ ಸಾಲಿನಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. 100 ಗ್ರಾಂ ಖರ್ಜೂರದಲ್ಲಿ ಏಳೆಂಟು ಗ್ರಾಂ ನಾರು ಇದೆ, ಪೊಟ್ಯಾಸಿಯಮ್ ಇದೆ, ಪಾಲಿಫಿನಾಲ್‌ಗಳಿವೆ. ಹಲವು ತಳಿಗಳ ಗ್ಲೈಸೆಮಿಕ್ ಸೂಚ್ಯಂಕ 50ರ ಆಚೀಚೆ ಇರುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರ ಸೇರಿಸಿದ ಸಕ್ಕರೆಯ ಸೊನ್ನೆಯನ್ನು ನಂಬದೆ ಒಟ್ಟು ಸಕ್ಕರೆಯ ಸಾಲನ್ನು ಓದಬೇಕು. ಖರ್ಜೂರದ ಪೇಸ್ಟ್ ಹಲ್ಲಿನ ಸಂದಿಯಲ್ಲಿ ಬಹಳ ಹೊತ್ತು ಅಂಟಿಕೊಂಡಿರುವುದರಿಂದ ಮಕ್ಕಳಿಗೆ ಕೊಟ್ಟಾಗ ಬಾಯಿ ಮುಕ್ಕಳಿಸುವಂತೆ ನೋಡಿಕೊಳ್ಳಬೇಕು.

ಭಾರತದಲ್ಲಿ ಈ ಮಾರುಕಟ್ಟೆ ಕಟ್ಟುವುದರಲ್ಲಿ ಬೆಂಗಳೂರಿಗೆ ಪಾಲಿದೆ. ಸೋದರಿಯರು ಸೇರಿ 2014ರಲ್ಲಿ ಇಲ್ಲಿ ಶುರು ಮಾಡಿದ ಯೋಗಾ ಬಾರ್ ಅನ್ನು ಕೊಳ್ಳುವುದಾಗಿ ಐಟಿಸಿ 2023ರಲ್ಲಿ ಪ್ರಕಟಿಸಿತು. ಮುಂಬೈಯ ದಿ ಹೋಲ್ ಟ್ರೂತ್ ತನ್ನ ಬಾರ್‌ನ ಪದಾರ್ಥಗಳನ್ನೆಲ್ಲ ಹೊದಿಕೆಯ ಮುಂಭಾಗದಲ್ಲೇ ಅಚ್ಚು ಹಾಕುತ್ತದೆ. ಇದು ಎಲ್ಲ ಕಂಪನಿಗಳೂ ಅನುಸರಿಸಬೇಕಾದ ರೂಢಿ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನ್ ಬೇಕು. 12 ಗ್ರಾಂನ ಬಾರ್ ಅದರ ಐದನೇ ಒಂದು ಪಾಲಿಗಿಂತ ಹೆಚ್ಚನ್ನು ಕೊಡುತ್ತದೆ, ಕಡಿಮೆಯೇನಲ್ಲ.

ಆದರೆ ಅಷ್ಟೇ ಪ್ರೋಟೀನ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. 30 ಗ್ರಾಂ ಹುರಿಗಡಲೆ, 20 ಗ್ರಾಂ ಹುರಿದ ಶೇಂಗಾ ಬೆರೆಸಿದರೆ 11ರಿಂದ 12 ಗ್ರಾಂ ಪ್ರೋಟೀನ್, ಸುಮಾರು 225 ಕ್ಯಾಲರಿ. ಖರ್ಜೂರದ ಸಕ್ಕರೆ ಇಲ್ಲ, ನಾರು ಧಾರಾಳ, ಅಗಿಯುವ ಕೆಲಸವೂ ಇದೆ. ಮೊಟ್ಟೆಯ ಬಿಳಿಗೆ ಹೋಲಿಸಿದರೆ ಇದರ ಗುಣಮಟ್ಟ ಕಡಿಮೆಯೇ, ಮೆಥಿಯೊನೈನ್ ಸಾಲದು. ಅಕ್ಕಿ, ರಾಗಿ, ಜೋಳದ ಊಟ ಅದನ್ನು ತುಂಬಿಕೊಡುತ್ತದೆ. ಏಕದಳ ಮೂರು ಪಾಲು, ಬೇಳೆಕಾಳು ಒಂದು ಪಾಲು ಎಂಬ ಸಲಹೆಯ ಹಿಂದಿರುವುದು ಇದೇ. 2024ರ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿಗಳನ್ನು ನೆಚ್ಚಬೇಡಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದ್ದೂ ಈ ಬಗೆಯ ಊಟದ ಮೇಲೆ ಭರವಸೆ ಇಟ್ಟೇ. ದುಬಾರಿ ಬಾರ್ ಕೊಳ್ಳಲಾಗದ ಮನೆಯ ಮಕ್ಕಳು ಪ್ರೋಟೀನಿನಿಂದ ವಂಚಿತರಾಗಬೇಕಿಲ್ಲ ಎಂಬುದು ಎಲ್ಲರಿಗೂ ತಿಳಿಯಬೇಕಾದ ವಿಷಯ.

ಬಾರ್‌ಗೆ ತನ್ನದೇ ಜಾಗವಿದೆ. ಚಾರಣ, ದೂರದ ಪ್ರಯಾಣ, ರಾತ್ರಿ ಪಾಳಿಯಲ್ಲಿ ಕೆಡದೆ, ಚೆಲ್ಲದೆ, ತಟ್ಟೆ ಬೇಡದೆ ಹೊಟ್ಟೆಗೆ ಆಗುವ ತಿನಿಸು ಬೇಕಾದಾಗ ಎಣ್ಣೆಯಲ್ಲಿ ಕರಿದ ಪೊಟ್ಟಣಕ್ಕಿಂತ ಖರ್ಜೂರ–ಬೀಜದ ಬಾರ್ ಎಷ್ಟೋ ವಾಸಿ. ವ್ಯಾಯಾಮದ ನಂತರ ಸ್ನಾಯುವಿಗೆಂದು ತಿನ್ನುವವರಿಗೆ ಮೊಟ್ಟೆಯ ಬಿಳಿ ಅಥವಾ ವೇ ಇರುವ ಬಾರ್ ಸರಿ. ಒಂದು ಹೊತ್ತಿಗೆ ಸಾಮಾನ್ಯವಾಗಿ ಹೇಳುವ 20–25 ಗ್ರಾಂ ಮುಟ್ಟಲು ಅದೂ ಸಾಲದು, ಜೊತೆಗೆ ಹಾಲೋ ಮೊಸರೋ ಬೇಕು.

ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಮ್ ಮಿತಿಯಲ್ಲಿರಬೇಕಾದವರು ಮಾತ್ರ ವೈದ್ಯರನ್ನು ಕೇಳದೆ ಇವನ್ನು ತಿನ್ನಬಾರದು. 25 ಗ್ರಾಂ ಖರ್ಜೂರ, 25 ಗ್ರಾಂ ಬಾದಾಮಿಯಲ್ಲಿ ಸೇರಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಮ್ ಇರುತ್ತದೆ. ಅಮೆರಿಕದಲ್ಲಿ ಅದನ್ನು ಹೊದಿಕೆಯ ಮೇಲೆ ನಮೂದಿಸುವುದು ಕಡ್ಡಾಯ. ಭಾರತದ ಕಡ್ಡಾಯ ಪಟ್ಟಿಯಲ್ಲಿ ಸೋಡಿಯಂ ಇದೆ, ಪೊಟ್ಯಾಸಿಯಮ್ ಇಲ್ಲ.