ಅಚ್ಚಾದ ಹಾಳೆಯೂ ಗ್ಯಾಲರಿಯೇ

ಪ್ರದರ್ಶನ ಮುಗಿದ ಮರುದಿನ ಗ್ಯಾಲರಿಯ ಗೋಡೆಗಳು ಬರಿದಾಗುತ್ತವೆ. ಚಿತ್ರಗಳು ಕೊಂಡವರ ಮನೆಗೋ ಕಲಾವಿದರ ಸ್ಟುಡಿಯೊಗೋ ಹೊರಟುಹೋಗುತ್ತವೆ. ನೋಡಿ ಬಂದ ನಮ್ಮ ಪಾಲಿಗೆ ಉಳಿಯುವುದು ಕ್ಯಾಟಲಾಗು, ಆಹ್ವಾನಪತ್ರಿಕೆ, ಹೆಚ್ಚೆಂದರೆ ಒಂದು ಪೋಸ್ಟರು. ಇವನ್ನು ಬರಿಯ ಪ್ರಚಾರ ಸಾಮಗ್ರಿ ಎಂದುಕೊಂಡ ಕ್ಯುರೇಟರ್ ಅರ್ಧ ಕೆಲಸವನ್ನಷ್ಟೇ ಮಾಡಿರುತ್ತಾರೆ. ಅಚ್ಚಾದ ಹಾಳೆಯೂ ಪ್ರದರ್ಶನದ ಜಾಗವೇ. ಯಾವುದು ಮೊದಲು, ಯಾವುದರ ಪಕ್ಕ ಯಾವುದು, ಎಷ್ಟು ಖಾಲಿ ಬಿಡಬೇಕು ಎಂಬ ಪ್ರಶ್ನೆಗಳೆಲ್ಲ ಅಲ್ಲೂ ಇವೆ.

ಈ ಮಾತನ್ನು ಮನಗಂಡವರು ನಮ್ಮ ಊರಿನಲ್ಲೇ ಇದ್ದಾರೆ. ಯಲಹಂಕ ನ್ಯೂಟೌನಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆ ಶುರುವಾದದ್ದು 1996ರಲ್ಲಿ. ಅಲ್ಲಿ ಓದಿದ ಕಲಾವಿದ ನಿಹಾಲ್ ಫೈಝಲ್ 2018ರಲ್ಲಿ ಬೆಂಗಳೂರಿನಲ್ಲಿ ‘ರಿಲಯಬಲ್ ಕಾಪಿ’ ಆರಂಭಿಸಿದರು. ಸರಸಿಜಾ ಸುಬ್ರಮಣಿಯನ್ ಅವರೂ ಅದರ ಹೊಣೆ ಹೊತ್ತವರು. ಅದು ಪ್ರಕಾಶನವೂ ಹೌದು, ಕ್ಯುರೇಟರ್ ಕೆಲಸವೂ ಹೌದು. ಕಲಾವಿದರೇ ಮಾಡಿದ ಕೃತಿ, ಬರಹ, ಯೋಜನೆಗಳನ್ನು ಪುಸ್ತಕವಾಗಿಸುವುದು ಅವರ ಹಾದಿ.

ಅವರು ಹೊರತಂದ ‘1ಶಾಂತಿರೋಡ್ ಕುಕ್‌ಬುಕ್’ ನೋಡಿ. ಕ್ಯುರೇಟರ್ ಸುರೇಶ್ ಜಯರಾಮ್ 2003ರಲ್ಲಿ ಶಾಂತಿನಗರದಲ್ಲಿ ತೆರೆದ 1ಶಾಂತಿರೋಡ್, ಕಲಾವಿದರು ಬಂದು ಉಳಿದು ಕೆಲಸ ಮಾಡುವ ತಾಣ. ಅಂಥ ಜಾಗದ ಚರಿತ್ರೆಯನ್ನು ದಪ್ಪ ರಟ್ಟಿನ, ನುಣುಪು ಆರ್ಟ್ ಪೇಪರಿನ ಸ್ಮರಣಸಂಚಿಕೆಯಲ್ಲಿ ಹೇಳಬಹುದಿತ್ತು. ಸುರೇಶ್ ಸಂಪಾದಿಸಿದ್ದು ಅಡುಗೆ ಪುಸ್ತಕವನ್ನು. ಅಲ್ಲಿ ಕೂಡಿದವರ ಅಡುಗೆಗಳ ಮೂಲಕವೇ ಆ ಮನೆಯ ಕಥೆ ತೆರೆದುಕೊಳ್ಳುತ್ತದೆ. ಏನನ್ನು ಹೇಳಬೇಕು ಎಂಬುದರಷ್ಟೇ ಯಾವ ಬಗೆಯ ಪುಸ್ತಕದಲ್ಲಿ ಹೇಳಬೇಕು ಎಂಬುದನ್ನೂ ಯೋಚಿಸಿದವರಿಗೆ ಮಾತ್ರ ಹೊಳೆಯುವ ದಾರಿ ಇದು.

ಈ ದಾರಿಗೆ ದೊಡ್ಡ ಪರಂಪರೆಯೇ ಇದೆ. ನ್ಯೂಯಾರ್ಕಿನ ಸೆತ್ ಸೀಗಲಾಬ್ 1968ರಲ್ಲಿ 7 ಕಲಾವಿದರಿಗೆ ತಲಾ 25 ಪುಟ ಕೊಟ್ಟು, ಪುಸ್ತಕವನ್ನೇ ಪ್ರದರ್ಶನವಾಗಿಸಿದರು. ಅದು ‘ಜೆರಾಕ್ಸ್ ಬುಕ್’ ಎಂದೇ ಹೆಸರಾಯಿತು. ಆದರೆ ಆಗ ಜೆರಾಕ್ಸ್ ಬಲು ದುಬಾರಿ, ಅಚ್ಚಾದದ್ದು ಆಫ್‌ಸೆಟ್‌ನಲ್ಲಿ. ಅದಕ್ಕೂ ಮೊದಲು ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಮ್ಮಿನಲ್ಲಿ ವಿಲೆಮ್ ಸ್ಯಾಂಡ್‌ಬರ್ಗ್ ಇದ್ದರು. ನಾಜಿಗಳ ಕಣ್ಣು ತಪ್ಪಿಸಿ ಅಡಗಿದ್ದ ಕಾಲದಲ್ಲಿ ಸಿಕ್ಕ ಕಾಗದವನ್ನು ಹರಿದು, ಅಂಟಿಸಿ, ಅಕ್ಷರ ಬರೆದು ಕಿರುಪುಸ್ತಕಗಳನ್ನು ಮಾಡಿದವರು. 1945ರಿಂದ 1962ರವರೆಗೆ ನಿರ್ದೇಶಕರಾಗಿದ್ದಾಗ ಮ್ಯೂಸಿಯಮ್ಮಿನ ಕ್ಯಾಟಲಾಗುಗಳನ್ನು ತಾವೇ ವಿನ್ಯಾಸ ಮಾಡಿದರು, ಒಂದೆರಡಲ್ಲ, ನೂರಾರು. ಪೊಟ್ಟಣ ಕಟ್ಟುವ ಕಂದು ಕಾಗದವನ್ನು ಬಿಳಿ ಹಾಳೆಗಳ ನಡುವೆ ಸೇರಿಸಿದರು. ಕತ್ತರಿಯ ನೇರ ಅಂಚಿಗಿಂತ ಕೈಯಲ್ಲಿ ಹರಿದ ಅಂಚೇ ಅವರಿಗೆ ಮೆಚ್ಚು. ನಗರಾಡಳಿತದ ಮುದ್ರಣಾಲಯದಲ್ಲಿ ಅಚ್ಚಾದ ಆ ತೆಳ್ಳನೆಯ ಹೊತ್ತಗೆಗಳು ಇಂದಿಗೂ ಹೊಸದಾಗಿ ಕಾಣುತ್ತವೆ.

ಹಣವಿಲ್ಲ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ಆರ್.ಟಿ. ನಗರದ ಯಾವುದೇ ಜೆರಾಕ್ಸ್ ಅಂಗಡಿಗೆ ಹೋಗಿ, ಒಂದು ಎ4 ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಹಾಕಿಸಿ. ಅದನ್ನು ಎಂಟು ಸಮಭಾಗವಾಗಿ ಮಡಿಸಿ, ನಡುವಿನ ಉದ್ದ ಮಡಿಕೆಯಲ್ಲಿ ಮಧ್ಯದ ಎರಡು ಭಾಗದಷ್ಟು ಮಾತ್ರ ಕತ್ತರಿಸಿ, ಒಳಕ್ಕೆ ತಳ್ಳಿ ಮಡಚಿದರೆ ಪಿನ್ನೂ ಅಂಟೂ ಬೇಡದ 8 ಪುಟದ ಪುಸ್ತಕ ಸಿದ್ಧ. ಹಾಳೆ ಬಿಚ್ಚಿದರೆ ಅದೇ ಪೋಸ್ಟರು. ಪುಟವಾಗಿದ್ದಾಗ ತುಂಡುತುಂಡಾಗಿ ಕಂಡ ಚಿತ್ರ ಬಿಚ್ಚಿದಾಗ ಇಡಿಯಾಗಿ ಕಾಣುವಂತೆ ಜೋಡಿಸುವುದೇ ಒಂದು ಕ್ಯುರೇಟರ್ ಕೆಲಸ.

ದೊಡ್ಡ ಪುಸ್ತಕ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದು ತೆರೆದುಕೊಳ್ಳುವ ರೀತಿಯನ್ನು. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಓಡಿದ್ದರೆ ಪುಟ ಮೆತ್ತಗೆ ಬೀಳುತ್ತದೆ. ಅಡ್ಡ ಓಡಿದ್ದರೆ ಸೆಟೆದು ನಿಲ್ಲುತ್ತದೆ. ಮಡಚಿದ ಹಾಳೆಗಳ ಕಟ್ಟುಗಳನ್ನು, ಅಂದರೆ ಫಾರಂಗಳನ್ನು, ದಾರದಲ್ಲಿ ಹೊಲಿದಿದ್ದರೆ ಎರಡು ಪುಟಕ್ಕೆ ಹರಡಿದ ಚಿತ್ರ ಪೂರ್ತಿ ದಕ್ಕುತ್ತದೆ. ಬರಿ ಅಂಟು ಹಾಕಿದ್ದರೆ ನಡುಭಾಗ ಬೆನ್ನಿನೊಳಗೆ ಹುದುಗಿಹೋಗುತ್ತದೆ.

ನನ್ನ ದೊಡ್ಡ ಕಳಕಳಿ ಕನ್ನಡದ್ದು. ಬೆಂಗಳೂರಿನ ಎಷ್ಟೋ ಕ್ಯಾಟಲಾಗುಗಳಲ್ಲಿ ಕನ್ನಡವೇ ಇರುವುದಿಲ್ಲ. ಇದ್ದರೂ ಇಂಗ್ಲಿಷಿಗೆಂದು ಲೆಕ್ಕ ಹಾಕಿದ ಸಾಲುಗಳಲ್ಲಿ ಅದನ್ನು ತುರುಕಿರುತ್ತಾರೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಒತ್ತಿಗೆ ಇನ್ನೊಂದು ಒತ್ತು ಜೊತೆಯಾಗುತ್ತದೆ. ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದರೆ ಓದುವ ಕಣ್ಣು ಮುಗ್ಗರಿಸುತ್ತದೆ. 10 ಪಾಯಿಂಟಿನ ಅಕ್ಷರಕ್ಕೆ 12 ಪಾಯಿಂಟಿನ ಸಾಲು ಕನ್ನಡಕ್ಕೆ ಸಾಲದು. 15–16 ಆದರೂ ಬೇಕೆಂಬುದು ನನ್ನ ಅನುಭವ.

ಕನ್ನಡದಲ್ಲಿ ಅಚ್ಚಿನ ಪ್ರಯೋಗ ಹೊಸದೇನಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಕೂಸು. ಕಲ್ಲಚ್ಚಿನಲ್ಲಿ ಅಚ್ಚುಮೊಳೆಯ ಹಂಗಿಲ್ಲ. ಬರೆದ ಕೈಯ ಬಾಗು, ಬಳುಕು ನೇರ ಹಾಳೆಗೆ ಇಳಿಯುತ್ತದೆ. ನಮ್ಮ ಮೊದಲ ಪತ್ರಿಕೆಗೆ ಸಿಕ್ಕಿದ್ದ ಆ ಸ್ವಾತಂತ್ರ್ಯವನ್ನು ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬರೆಯಬಲ್ಲ ಇಂದಿನ ವಿನ್ಯಾಸಕಾರರು ಬಳಸಿಕೊಳ್ಳಬೇಕು. ಕನ್ನಡ ಅಕ್ಷರವನ್ನೇ ಚಿತ್ರವಾಗಿ ಹಿಗ್ಗಿಸಿ, ಬಗ್ಗಿಸಿ, ಪುಟದ ಯಜಮಾನಿಕೆಯನ್ನು ಅದಕ್ಕೆ ಕೊಟ್ಟು ನೋಡಬೇಕು. ಅದಕ್ಕೆ ಕ್ಯುರೇಟರ್‌ಗಳು ಮೊದಲ ಸಭೆಗೇ ವಿನ್ಯಾಸಕಾರರನ್ನು ಕರೆಯಬೇಕು, ಎಲ್ಲ ಮುಗಿದ ಮೇಲೆ ‘ಒಂದು ಕ್ಯಾಟಲಾಗ್ ಮಾಡಿಕೊಡಿ’ ಎಂದಲ್ಲ.

ಮುಂದಿನ ಸಲ ಪ್ರದರ್ಶನಕ್ಕೆ ಹೋದಾಗ ಕ್ಯಾಟಲಾಗಿನ ಕೊನೆಯ ಪುಟ ತೆರೆಯಿರಿ. ವಿನ್ಯಾಸಕಾರರ ಹೆಸರು, ಮುದ್ರಣಾಲಯ, ಕಾಗದ, ಬಳಸಿದ ಅಕ್ಷರವಿನ್ಯಾಸ ಅಲ್ಲಿ ನಮೂದಾಗಿವೆಯೇ ನೋಡಿ. ಇಲ್ಲದಿದ್ದರೆ ಸಂಘಟಕರನ್ನು ಕೇಳಿ. ಕನ್ನಡ ಎಲ್ಲಿ ಎಂದೂ ಕೇಳಿ. ನೋಡುಗರು ಕೇಳತೊಡಗಿದರೆ ಮಾಡುವವರು ಮಾಡುತ್ತಾರೆ.