ನಂದಿಬೆಟ್ಟವನ್ನು ಎದುರಿಗಿಟ್ಟುಕೊಂಡು ಓದಿ

ನೆಪೋಲಿಯನ್ ಕಾಲದ ಯುದ್ಧಗಳ ಬಗ್ಗೆ ಎಲ್ಲಿಂದ ಓದಲಿ ಎಂದು ಕೇಳುವವರನ್ನು ನಾನು ವಾಟರ್ಲೂಗೆ ಕಳಿಸುವುದಿಲ್ಲ. ನೀವು ನಂದಿಬೆಟ್ಟದ ಕಡೆಯ ತೊಂಡೇಬಾವಿಯವರಾದರೆ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಚರಿತ್ರೆ ಹಿಡಿಯಿರಿ. ಈತ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. 1815ರಲ್ಲಿ ಸೋತ ನೆಪೋಲಿಯನ್‌ನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ತಂದಿಳಿಸಿದಾಗ ಅಲ್ಲಿ ಗವರ್ನರ್ ಆಗಿದ್ದವನೂ ಇವನೇ.

ಮೊದಲು ನಂದಿದುರ್ಗದ ಪುಟ ತೆಗೆಯಿರಿ: ನಂದಿಬೆಟ್ಟದ ಮೇಲಿನ ಟಿಪ್ಪು ಸುಲ್ತಾನನ ಕೋಟೆಯನ್ನು ಬ್ರಿಟಿಷರು ಮುತ್ತಿದ ಕಥೆ ಅದು. 1791ರ ಅಕ್ಟೋಬರ್, ನೆಪೋಲಿಯನ್ ಆಗಿನ್ನೂ ಫಿರಂಗಿ ದಳದ ಎಳೆಯ ಲೆಫ್ಟಿನೆಂಟ್. ಹೊಸಬರು ನೇರ ಲಗ್ಗೆಯ ರಾತ್ರಿಗೆ ಹಾರುತ್ತಾರೆ. ಹಾರಬೇಡಿ. ಲಗ್ಗೆ ಒಂದು ರಾತ್ರಿಯ ಮಾತು, ಅದಕ್ಕೆ ಮುಂಚಿನ ಮೂರು ವಾರವೇ ನಿಜವಾದ ಯುದ್ಧ. ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿಯಬೇಕು, ಆನೆಗಳ ಬಲದಿಂದ ಫಿರಂಗಿ ಏರಿಸಬೇಕು, ಆಮೇಲೆ ಗೋಡೆ ಒಡೆಯಬೇಕು. ಲಗ್ಗೆಯ ಹೊತ್ತಿಗೆ ಕಿಲ್ಲೇದಾರ ಲುತ್ಫ್ ಅಲಿ ಬೇಗನ ಕಡೆಯವರು ಮೇಲಿಂದ ಬಂಡೆ ಉರುಳಿಸುತ್ತಾರೆ. ನಂದಿಯ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವರಿಗೆ ಈ ಪುಟದ ತೂಕ ಬೇರೆಯೇ. ಹಳೆಯ ಇಂಗ್ಲಿಷ್ ಕಾಗುಣಿತಕ್ಕೆ ಹೆದರಬೇಡಿ: 'ನಂಡಿಡ್ರೂಗ್' ಅನ್ನುವುದನ್ನು ಗಟ್ಟಿಯಾಗಿ ಓದಿದರೆ ನಮ್ಮ ಬೆಟ್ಟ ಕಿವಿಗೆ ಬೀಳುತ್ತದೆ.

ಎರಡನೆಯದು ಬ್ರಿಟಿಷರು ಮುತ್ತಲು ಬಂದಿದ್ದ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪು, 1799ರ ಏಪ್ರಿಲ್ 5ರ ರಾತ್ರಿ. ಆ ವರ್ಷದ ಶುರುವಿನಲ್ಲೇ ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಬ್ರಿಟಿಷರ ಕೈಸೇರಿತ್ತು. ಮುಂದೆ ವಾಟರ್ಲೂ ಗೆಲ್ಲಲಿದ್ದ ಆರ್ಥರ್ ವೆಲ್ಲೆಸ್ಲಿ ಈ ತೋಪಿನ ಕತ್ತಲಲ್ಲಿ ದಾರಿ ತಪ್ಪಿದ, ಮೊಣಕಾಲಿಗೆ ಪೆಟ್ಟು ತಿಂದ, ಹಿಂದಿರುಗಿದ. ಅವನ ಹನ್ನೆರಡು ಜನ ಸೆರೆಸಿಕ್ಕಿ ಪ್ರಾಣ ಕಳೆದುಕೊಂಡರು. ಮರುದಿನ ಹಗಲಲ್ಲಿ ತೋಪು ಬ್ರಿಟಿಷರಿಗೆ ಸಿಕ್ಕಿತು. ಕೆಲವು ಪುಸ್ತಕಗಳು ಇದನ್ನು ನಾಲ್ಕು ಸಾಲಲ್ಲಿ ಮುಗಿಸುತ್ತವೆ. ನನಗಂತೂ ಅವನ ಯಾವ ಗೆಲುವಿಗಿಂತ ಈ ರಾತ್ರಿ ಹೆಚ್ಚು ಹೇಳುತ್ತದೆ. ನೆಲ ನೋಡದೆ ಇರುಳಲ್ಲಿ ನುಗ್ಗಬಾರದೆಂಬ ಪಾಠವನ್ನು ಅವನು ಕಲಿತದ್ದು ಇಲ್ಲೇ.

ಬ್ರಿಟಿಷ್ ಅಧಿಕಾರಿಗಳು ಬರೆದದ್ದನ್ನು ಒಂಟಿಯಾಗಿ ಓದಬೇಡಿ. ಪಕ್ಕದಲ್ಲಿ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪಾರಸಿ ಚರಿತ್ರೆ 'ನಿಶಾನ್-ಇ-ಹೈದರಿ' ಇರಲಿ, ಅನುವಾದವಾದರೂ ಸರಿ. ಹೈದರ್, ಟಿಪ್ಪು ಇಬ್ಬರ ಸೇವೆಯಲ್ಲೂ ಇದ್ದವನ ಬರಹವದು. ಅವನಿಗೂ ಅವನದೇ ಒಲವುಗಳಿವೆ. ಒಂದೇ ಘಟನೆಯ ಪುಟಗಳನ್ನು ಎರಡೂ ಪುಸ್ತಕಗಳಲ್ಲಿ ಬಿಚ್ಚಿಡಿ. ಇಬ್ಬರೂ ಒಪ್ಪುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಒಬ್ಬನು ಸುಮ್ಮನಾದಲ್ಲಿ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆಗಳನ್ನು ಹಿಡಿದುಕೊಂಡು ಒಂದು ಭಾನುವಾರ ನಂದಿ ಹತ್ತಿ.