ವಿಮಾನ ಇಳಿಯಲು ಯಾರ ಅಪ್ಪಣೆ?

ಯುದ್ಧ ಮುಗಿಯಲಿ, ಆಮೇಲೆ ಊಟ ಎಂದು ಕಾಯದೆ, ಕಾದಾಡುತ್ತಿರುವ ಎರಡೂ ಕಡೆಯವರನ್ನು ಒಪ್ಪಿಸಿ ಧಾನ್ಯ ಹಂಚುವುದು. 1989ರ ಏಪ್ರಿಲ್‌ನಲ್ಲಿ ಶುರುವಾದ ‘ಆಪರೇಷನ್ ಲೈಫ್‌ಲೈನ್ ಸುಡಾನ್’ ಯೋಜನೆಯ ಹೊಸತನ ಇದ್ದದ್ದೇ ಇದರಲ್ಲಿ. ಹಿಂದಿನ ವರ್ಷದ ಬರಗಾಲದಲ್ಲಿ ದಕ್ಷಿಣ ಸುಡಾನಿನವರು ಸುಮಾರು ಎರಡೂವರೆ ಲಕ್ಷ ಮಂದಿ ಸತ್ತರೆಂಬ ಅಂದಾಜಿತ್ತು. ಯುನಿಸೆಫ್ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಮುಂದೆ ನಿಂತು ಖಾರ್ಟೂಮ್ ಸರ್ಕಾರವನ್ನೂ ಜಾನ್ ಗರಾಂಗ್ ನಾಯಕತ್ವದ ಎಸ್‌ಪಿಎಲ್‌ಎ ಬಂಡುಕೋರರನ್ನೂ ಒಪ್ಪಿಸಿದರು. ಕೀನ್ಯಾದ ಗಡಿಯ ಲೋಕಿಚೋಗಿಯೊ ಎಂಬ ಸಣ್ಣ ಊರು ವಿಮಾನ ನೆಲೆಯಾಯಿತು. 2005ರ ಶಾಂತಿ ಒಪ್ಪಂದದವರೆಗೂ ಅಲ್ಲಿಂದ ಆಹಾರ ಹಾರುತ್ತಲೇ ಇತ್ತು.

ಈ ಯೋಜನೆ ಲೆಕ್ಕವಿಲ್ಲದಷ್ಟು ಜೀವ ಉಳಿಸಿತು. ಅದನ್ನು ಅಲ್ಲಗಳೆಯುವ ವಿಮರ್ಶೆಗೆ ಬೆಲೆಯಿಲ್ಲ. ಆದರೆ ಹಸಿದವರಿಗೂ ಅನ್ನಕ್ಕೂ ನಡುವೆ ಇದ್ದ ಬಾಗಿಲಿನ ಬೀಗದಕೈಯನ್ನು ಅದು ಯಾರ ಕೈಗೆ ಕೊಟ್ಟಿತು ಎಂಬುದನ್ನೂ ಕೇಳಲೇಬೇಕು.

ಬರಗಾಲ ಸುಮ್ಮನೆ ಬಂದದ್ದಲ್ಲ. ಬ್ರಿಟಿಷ್–ಈಜಿಪ್ಟ್ ಜಂಟಿ ಆಡಳಿತ ದಕ್ಷಿಣವನ್ನು ಉತ್ತರದಿಂದ ಬೇರೆಯಾಗಿಟ್ಟು, ಶಾಲೆ ರಸ್ತೆಗಳಿಲ್ಲದೆ ಹಿಂದುಳಿಸಿ, 1956ರಲ್ಲಿ ಎರಡನ್ನೂ ಒಂದೇ ರಾಷ್ಟ್ರವೆಂದು ಒಪ್ಪಿಸಿ ಹೊರಟಿತು. ಎಂಬತ್ತರ ದಶಕದಲ್ಲಿ ಖಾರ್ಟೂಮ್ ಸರ್ಕಾರ ಬಗ್ಗಾರ ಪಶುಪಾಲಕರ ಪಡೆಗಳಿಗೆ ಬಂದೂಕು ಕೊಟ್ಟು ದಕ್ಷಿಣದ ಡಿಂಕಾ ಜನರ ಮೇಲೆ ಛೂ ಬಿಟ್ಟಿತು. ದನ ಹೋಯಿತು, ಬೆಳೆ ಸುಟ್ಟಿತು. ಬರದಿಂದ ಲಾಭ ಮಾಡಿಕೊಂಡವರೂ ಇದ್ದರೆಂದು ಡೇವಿಡ್ ಕೀನ್ ತಮ್ಮ ಅಧ್ಯಯನದಲ್ಲಿ ತೋರಿಸಿಕೊಟ್ಟಿದ್ದಾರೆ: ದನವನ್ನು ಮೂರು ಕಾಸಿಗೆ ಕೊಂಡು ಧಾನ್ಯವನ್ನು ಚಿನ್ನದ ಬೆಲೆಗೆ ಮಾರಿದ ವರ್ತಕರು, ಬೆಂಟಿಯು ಸುತ್ತಲಿನ ತೈಲದ ನೆಲ ಖಾಲಿಯಾಗಲೆಂದು ಬಯಸಿದ ಅಧಿಕಾರಸ್ಥರು. ಹಸಿವನ್ನು ಹುಟ್ಟಿಸಿದ ಈ ಸರ್ಕಾರದ ಅನುಮತಿ ಪಡೆದೇ ಹಸಿದವರನ್ನು ತಲುಪಬೇಕಿತ್ತು.

ದಕ್ಷಿಣದ ಯಾವ ಯಾವ ಇಳಿದಾಣದಲ್ಲಿ ವಿಮಾನ ಇಳಿಯಬಹುದೆಂಬ ಅಪ್ಪಣೆ ಖಾರ್ಟೂಮ್‌ನಿಂದಲೇ ಬರಬೇಕಾಗಿತ್ತು. ಬಂಡುಕೋರರ ನೆಲದ ಮೇಲೆ ಹಿಡಿತವಿಲ್ಲದ ಸರ್ಕಾರಕ್ಕೆ ಅಲ್ಲಿನ ಆಕಾಶದ ಒಡೆತನ ಸಿಕ್ಕಿತು. ವಿಶ್ವಸಂಸ್ಥೆ ಸಾರ್ವಭೌಮತ್ವದ ಮರ್ಯಾದೆಗೆ ಕಟ್ಟುಬಿದ್ದು ಇದನ್ನು ಬರೀ ಕಾಗದಪತ್ರದ ವಿಷಯವೆಂಬಂತೆ ನಡೆಸಿಕೊಂಡು ಹೋಯಿತು. ಅದೇ ದೊಡ್ಡ ತಪ್ಪು.

1998ರಲ್ಲಿ ಈ ತಪ್ಪಿನ ಬೆಲೆ ಬಯಲಾಯಿತು. ಸರ್ಕಾರದ ಪರ ನಿಂತು ಬಹರ್ ಎಲ್ ಗಜಾಲ್ ಪ್ರಾಂತ್ಯವನ್ನು ವರ್ಷಗಟ್ಟಲೆ ಕೊಳ್ಳೆ ಹೊಡೆದಿದ್ದ ಕೆರುಬಿನೊ ಕ್ವಾನ್ಯಿನ್ ಬೋಲ್ ಎಂಬ ದಳಪತಿ ಆ ಜನವರಿಯಲ್ಲಿ ಬಣ ಬದಲಿಸಿ ವಾವ್ ಪಟ್ಟಣದ ಮೇಲೆ ನುಗ್ಗಿ ಸೋತ. ಜನ ಊರು ಬಿಟ್ಟು ಓಡಿದರು. ಆ ಹೊತ್ತಿಗೇ, ಫೆಬ್ರವರಿಯಲ್ಲಿ, ಸರ್ಕಾರ ಪ್ರಾಂತ್ಯಕ್ಕೆ ನೆರವಿನ ವಿಮಾನಗಳನ್ನು ನಿಷೇಧಿಸಿತು. ನಿರ್ಬಂಧ ಸಡಿಲಾಗಿ ಹರ್ಕ್ಯುಲಿಸ್ ವಿಮಾನಗಳು ಚೀಲಗಳನ್ನು ಸುರಿಯುವ ಹೊತ್ತಿಗೆ ಅಜಿಯೆಪ್‌ನಂಥ ಹಳ್ಳಿಗಳಲ್ಲಿ ಸಾವು ಮಿತಿಮೀರಿತ್ತು. ವಿಮಾನ ತಡೆದವರಿಗೆ ಆ ಯೋಜನೆಯಲ್ಲಿ ಯಾವ ದಂಡವೂ ಇರಲಿಲ್ಲ. ಒಪ್ಪಿಗೆಗೆ ಮೆಚ್ಚುಗೆ, ನಿರಾಕರಣೆಗೆ ಮತ್ತೊಂದು ಸುತ್ತಿನ ಮಾತುಕತೆ, ಅಷ್ಟೇ.

ಬಂಡುಕೋರರೇನೂ ಹಾಲಲ್ಲಿ ತೊಳೆದವರಲ್ಲ. ಅದೇ ವರ್ಷ ಎಸ್‌ಪಿಎಲ್‌ಎ ಕಡೆಯವರೂ ನೆರವಿನವರೂ ಸೇರಿದ ಜಂಟಿ ತಂಡವೊಂದು ಪರಿಶೀಲಿಸಿದಾಗ, ಹಂಚಿದ ಧಾನ್ಯ ಮನೆ ಸೇರುವ ಮೊದಲೇ ಒಂದು ಪಾಲು ಸೈನಿಕರಿಗೂ ಮುಖಂಡರಿಗೂ ಹೋಗುತ್ತಿದ್ದದ್ದು ಕಂಡಿತು. ಇಲ್ಲಿ ಇನ್ನೊಂದು ಸಂಗತಿಯೂ ಇದೆ, ಬರೀ ಕಳ್ಳತನದ ಕಥೆಯಲ್ಲಿ ಅದು ಮುಚ್ಚಿಹೋಗುತ್ತದೆ. ‘ಅತಿ ದುರ್ಬಲ’ರನ್ನು ಆರಿಸಿ ಕೊಡಬೇಕೆಂದು ನೆರವಿನವರ ನಿಯಮ; ಬಂದದ್ದನ್ನು ಕುಲದ ಮುಖ್ಯಸ್ಥರ ಮೂಲಕ ಬಳಗವೆಲ್ಲ ಹಂಚಿಕೊಳ್ಳಬೇಕೆಂದು ಡಿಂಕಾ ರೂಢಿ. ಈ ಎರಡರ ನಡುವೆ ಪೆಟ್ಟು ತಿಂದವರು ಬೇರೆ ಕಡೆಯಿಂದ ಓಡಿಬಂದ ನಿರಾಶ್ರಿತರು. ಅಲ್ಲಿ ಅವರಿಗೆ ಕುಲವೂ ಇಲ್ಲ, ಮುಖಂಡನೂ ಇಲ್ಲ. ನೆರವಿನವರ ಪಟ್ಟಿಯಲ್ಲಿ ಮೊದಲಿದ್ದವರು ಹಂಚಿಕೆಯಲ್ಲಿ ಕೊನೆಯವರಾದರು.

‘ಫ್ಯಾಮಿನ್ ಕ್ರೈಮ್ಸ್’ ಬರೆದ ಅಲೆಕ್ಸ್ ಡಿ ವಾಲ್ 1997ರಲ್ಲೇ ಅಂತರರಾಷ್ಟ್ರೀಯ ನೆರವನ್ನು ಕಟುವಾಗಿ ಟೀಕಿಸಿದ್ದರು. ಬರ ತಡೆಯುವುದು ಆಳುವವರಿಗೂ ಪ್ರಜೆಗಳಿಗೂ ನಡುವಿನ ರಾಜಕೀಯ ಕರಾರು. ಹೊರಗಿನವರು ಬಂದು ಹೊಣೆ ಹೊತ್ತರೆ ಆಳುವವರು ಉತ್ತರ ಕೊಡುವ ಗೋಜೇ ತಪ್ಪುತ್ತದೆ ಎಂಬುದು ಅವರ ವಾದ. ರೋಗವನ್ನು ಅವರು ಗುರುತಿಸಿದ್ದು ಸರಿ. ಆದರೆ ಕರಾರು ಕುದುರುವವರೆಗೆ ಅಜಿಯೆಪ್‌ನ ಮಗು ಏನು ತಿನ್ನಬೇಕು? ಈ ಪ್ರಶ್ನೆಯ ಎದುರು ವಾದ ತೆಳುವಾಗುತ್ತದೆ. ನೆರವು ನಿಲ್ಲಿಸಿದ್ದರೆ ಖಾರ್ಟೂಮ್ ಬಾಗುತ್ತಿತ್ತೆಂದು ನಂಬಲು ಕಾರಣವೂ ಕಾಣುವುದಿಲ್ಲ.

ಎಸ್‌ಪಿಎಲ್‌ಎ ಮಾತ್ರ ಈ ವ್ಯವಸ್ಥೆಯಿಂದ ಪಾಠವನ್ನು ಚೆನ್ನಾಗಿಯೇ ಕಲಿಯಿತು. 2000ದ ಮಾರ್ಚ್‌ನೊಳಗೆ ತನ್ನ ಷರತ್ತುಗಳ ಒಪ್ಪಂದಕ್ಕೆ ಸಹಿ ಹಾಕಬೇಕೆಂದು ಅದು ನೆರವು ಸಂಸ್ಥೆಗಳಿಗೆ ಗಡುವು ಕೊಟ್ಟಿತು. ಹನ್ನೊಂದು ಸಂಸ್ಥೆಗಳು ಸಹಿ ಹಾಕದೆ ಹೊರಬಿದ್ದವು. 2011ರ ಜುಲೈ 9ರಂದು ಅದೇ ಚಳವಳಿ ಸ್ವತಂತ್ರ ದಕ್ಷಿಣ ಸುಡಾನಿನ ಸರ್ಕಾರವಾಯಿತು. 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ರಿಯೆಕ್ ಮಚಾರ್ ಬಣಗಳು ತಮ್ಮೊಳಗೇ ಯುದ್ಧಕ್ಕಿಳಿದವು. 2017ರ ಫೆಬ್ರವರಿಯಲ್ಲಿ ಲೀರ್ ಮತ್ತು ಮಾಯೆಂಡಿಟ್ ಪ್ರದೇಶಗಳಲ್ಲಿ ಬರಗಾಲ ಘೋಷಣೆಯಾಯಿತು. ಅದರ ಬೆನ್ನಿಗೇ ರಾಜಧಾನಿ ಜೂಬಾದ ಸರ್ಕಾರ ವಿದೇಶಿ ನೆರವು ಕಾರ್ಯಕರ್ತರ ಕೆಲಸದ ಪರವಾನಗಿ ಶುಲ್ಕವನ್ನು 10,000 ಡಾಲರ್‌ವರೆಗೆ ಏರಿಸಲು ಹೊರಟಿತು.